ಚಿತ್ರವೂ ಒಂದು ಸಾಕ್ಷ್ಯ

ಚಿತ್ರಗಳಿಂದ ಕಥೆ ಹೇಳುವ ಕಲೆಯು ಕ್ಯಾಮೆರಾದೊಡನೆ ಹುಟ್ಟಿದುದಲ್ಲ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಚಂದ್ರಗುಪ್ತ ಬಸದಿಯೇ ಇದಕ್ಕೆ ನಿದರ್ಶನ. 12ನೆಯ ಶತಮಾನದಲ್ಲಿ ದಾಸೋಜನೆಂಬ ಶಿಲ್ಪಿಯು ಅಲ್ಲಿನ ಎರಡು ಕಲ್ಲಿನ ಜಾಲಂಧ್ರಗಳಲ್ಲಿ, ಒಂದೊಂದರಲ್ಲಿ 45ರಂತೆ 90 ಚೌಕಗಳನ್ನು ಮಾಡಿ, ಶ್ರುತಕೇವಲಿ ಭದ್ರಬಾಹು ಹಾಗೂ ಚಂದ್ರಗುಪ್ತ ಮೌರ್ಯರ ವೃತ್ತಾಂತವನ್ನು ಕಡೆದಿದ್ದಾನೆ. ಪೂರ್ವದ ಜಾಲಂಧ್ರದ ಕೆಲವು ಸಾಲುಗಳಲ್ಲಿ ಅನುಕ್ರಮವು ತಪ್ಪಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಒಂದೊಂದು ಚೌಕವೂ ಶಿಲ್ಪಿ ಕಡೆದದ್ದೇ ಆದರೂ, ಸಾಲು ಪಲ್ಲಟವಾದರೆ ಕಥೆಯು ಪಲ್ಲಟವಾಗುತ್ತದೆ.

ಪತ್ರಿಕಾ ಛಾಯಾಗ್ರಹಣಕ್ಕೂ ಈ ಮಾತು ಅನ್ವಯಿಸುತ್ತದೆ. 1981ರ ಫೆಬ್ರವರಿಯಲ್ಲಿ, ಗೊಮ್ಮಟೇಶ್ವರ ಪ್ರತಿಷ್ಠಾಪನೆಯ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದರು. ಆಕಾಶದಿಂದ ನೋಡುವವನಿಗೆ ಜನಸಾಗರವು ಕಾಣುತ್ತದೆ. ಅಟ್ಟಣೆಯ ಮೇಲೆ ನಿಂತವನಿಗೆ ಸ್ವಾಮಿಯ ಮುಖಮುದ್ರೆ. ಪಾದದ ಬಳಿ ಇರುವವನಿಗೆ ಭಕ್ತರ ಕಣ್ಣೀರು. ಮೂರೂ ಸತ್ಯವೇ, ಆದರೆ ಯಾವುದೊಂದೂ ಪೂರ್ಣಸತ್ಯವಲ್ಲ. ಅನೇಕಾಂತವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಕ್ಷಣವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಛಾಯಾಗ್ರಾಹಕನ ಕಸುಬು.

ನೆರೆಯ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಈ ವಿವೇಕಕ್ಕೆ ಹೆಸರಾದವರು. ಅವರ ಕ್ಯಾಮೆರಾವು ಗಣ್ಯರಿಗಿಂತ ಹೆಚ್ಚಾಗಿ ಸಾಮಾನ್ಯರತ್ತ, ಮಕ್ಕಳತ್ತ ತಿರುಗಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಬಡವನನ್ನು ತೋರಿಸುವಾಗಲೂ ಅವನ ಮಾನಕ್ಕೆ ಕುಂದು ತಾರದಿರುವುದು ಅಹಿಂಸೆಯ ಒಂದು ಮುಖವೇ ಅಲ್ಲವೆ? ರೋಗಿಯ ಶಯ್ಯೆಯ ಬಳಿ, ಸಲ್ಲೇಖನ ನಿರತರ ಸನ್ನಿಧಿಯಲ್ಲಿ ಕ್ಯಾಮೆರಾವನ್ನು ಎತ್ತುವ ಮುನ್ನ ಅನುಮತಿ ಕೇಳುವುದೂ, ಬೇಡವೆಂದರೆ ಕೆಳಗಿಳಿಸುವುದೂ ಈ ಧರ್ಮಕ್ಕೇ ಸೇರಿವೆ.

ವ್ಯಾಪಾರಿಗಳಾದ ನಾವು ದಿನಾಂಕವಿಲ್ಲದ ವೋಚರನ್ನು ಕಿರ್ದಿಗೆ ಏರಿಸುವುದಿಲ್ಲ. ಚಿತ್ರದ ಅಡಿಬರಹವೂ ಅಂತಹ ವೋಚರೇ. 1993ರ ಮಸ್ತಕಾಭಿಷೇಕದ ಚಿತ್ರದ ಕೆಳಗೆ 2006 ಎಂದು ಬರೆದರೆ, ಚಿತ್ರವು ನಿಜವಾಗಿದ್ದರೂ ಸಾಕ್ಷ್ಯವು ಸುಳ್ಳಾಗುತ್ತದೆ. ಆದರೆ ನಮ್ಮ ಸಮಾರಂಭಗಳ ಆಲ್ಬಂಗಳಲ್ಲಿ ಇಂತಹ ಅಡಿಬರಹವೇ ಅಪರೂಪ. ವೇದಿಕೆಯ ಮೇಲಿನ ಹಾರ ತುರಾಯಿಗಳ ಚಿತ್ರಗಳು ಹೇರಳವಾಗಿವೆ. ಕಲಶ ಹೊತ್ತವರು, ಅಡುಗೆ ಮಾಡಿದವರು, ಅಟ್ಟಣೆ ಕಟ್ಟಿದವರು ಕಾಣುವುದು ವಿರಳ. ಜೀರ್ಣೋದ್ಧಾರಕ್ಕೆ ಮುನ್ನ ಬಸದಿ ಹೇಗಿತ್ತೆಂಬ ಚಿತ್ರವನ್ನು ಎಷ್ಟು ಟ್ರಸ್ಟುಗಳು ಉಳಿಸಿಕೊಂಡಿವೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶ್ರಾವಕ ಕುಟುಂಬಗಳಲ್ಲಿ, ಟ್ರಸ್ಟಿನ ಧರ್ಮದರ್ಶಿಗಳಲ್ಲಿ ಒಂದು ವಿನಂತಿ. ಹಳೆಯ ಚಿತ್ರಗಳನ್ನು ಹೊರತೆಗೆದು ಮನೆಯ ಹಿರಿಯರ ಮುಂದಿಡಿರಿ. ಸ್ಥಳ, ವರ್ಷ, ಹೆಸರುಗಳನ್ನು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಮೊಬೈಲಿನ ಚಿತ್ರಗಳಾದರೆ ಪ್ರತ್ಯೇಕ ಪಟ್ಟಿಯೊಡನೆ ಎರಡು ಕಡೆ ಕಾಪಿಡಿರಿ. ಗುರುತಿಸಬಲ್ಲ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ; ಈ ಕೆಲಸವನ್ನು ಮುಂದಿನ ಪರ್ಯೂಷಣದವರೆಗೆ ಮುಂದೂಡುವುದು ತರವಲ್ಲ.