ಹೆಸರಿಲ್ಲದ ಉದ್ಯಮಕ್ಕೆ ಕೂಡಿದ ಹಣ

ಉದ್ಯಮವು ಇಂಥದೆಂದು ನಿಶ್ಚಯವಾದ ಮೇಲೆ ಅದಕ್ಕೆ ಬೇಕಾದ ಮೂಲಧನವನ್ನು ಜನರಿಂದ ಕೂಡಿಸುವುದು ವಾಣಿಜ್ಯದ ಸಾಮಾನ್ಯ ಕ್ರಮ. ಹಣವನ್ನು ಮೊದಲು ಕೂಡಿಸಿ, ಅದರಿಂದ ಯಾವ ಉದ್ಯಮವನ್ನು ಕೊಳ್ಳಬೇಕೆಂಬುದನ್ನು ಆಮೇಲೆ ಹುಡುಕುವ ಕ್ರಮವೊಂದೂ ಉಂಟು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಿರುವ ಈ ಪದ್ಧತಿಯ ಮಂಡಲಿಗಳಿಗೆ ಅಮೆರಿಕದಲ್ಲಿ ಬ್ಲಾಂಕ್ ಚೆಕ್ ಕಂಪೆನಿಗಳೆಂದು ಹೆಸರು. ಮೊತ್ತವನ್ನು ಬರೆಯದೆ ರುಜು ಮಾತ್ರ ಹಾಕಿಕೊಟ್ಟ ಚೆಕ್ಕಿನಂತೆ ಪಾಲುದಾರನು ತನ್ನ ವಿಶ್ವಾಸವನ್ನು ಪರರ ಕೈಯಲ್ಲಿಡುತ್ತಾನೆಂಬುದು ಇದರ ಭಾವ. ಇಂಥ ಸಂಸ್ಥೆಗೆ ಕಾರ್ಖಾನೆಯಿಲ್ಲ, ಸರಕಿಲ್ಲ, ಗಿರಾಕಿಗಳಿಲ್ಲ. ಹಾಗಾದರೆ ಅದರ ಆರ್ಥಿಕಾರೋಗ್ಯವನ್ನು ಅಳೆಯುವ ಬಗೆ ಯಾವುದು?

ಈ ಪ್ರಸಂಗದಲ್ಲಿ ಇಂಗ್ಲೆಂಡಿನ 1720ನೆಯ ವರ್ಷವನ್ನು ನೆನೆಯುವುದು ವಾಡಿಕೆ. ‘ಮಹಾಲಾಭದ ಉದ್ಯಮ, ಆದರೆ ಅದೇನೆಂದು ಯಾರಿಗೂ ತಿಳಿಯತಕ್ಕದ್ದಲ್ಲ’ ಎಂಬ ಪ್ರಕಟನೆ ಹೊರಡಿಸಿ ಒಬ್ಬನು ಒಂದೇ ದಿನದಲ್ಲಿ ಹಣ ಕೂಡಿಸಿಕೊಂಡು ಓಡಿಹೋದನೆಂದು ಚಾರ್ಲ್ಸ್ ಮೆಕೇ ಎಂಬ ಗ್ರಂಥಕಾರನು 1841ರಲ್ಲಿ ಬರೆದನು. ಈ ಕಥೆಯನ್ನು ಇತಿಹಾಸಜ್ಞರು ಸಂದೇಹದಿಂದಲೇ ಕಾಣುತ್ತಾರೆ. ಅದೇ ವರ್ಷದ ನಿಜವಾದ ಪಾಠವು ದಕ್ಷಿಣ ಸಮುದ್ರದ ಕಂಪೆನಿಯದು. ರಾಷ್ಟ್ರದ ಸಾಲವನ್ನು ತನ್ನ ಪಾಲುಗಳಾಗಿ ಪರಿವರ್ತಿಸಲು ಹೊರಟ ಆ ಕಂಪೆನಿಯ ಪಾಲಿನ ಬೆಲೆ ಜನವರಿಯಲ್ಲಿ ಸುಮಾರು 130 ಪೌಂಡು ಇದ್ದುದು ಬೇಸಗೆಯಲ್ಲಿ ಸಾವಿರದ ಸಮೀಪಕ್ಕೆ ಏರಿ, ಸೆಪ್ಟೆಂಬರು ಮುಗಿಯುವುದರೊಳಗೆ ಇನ್ನೂರಕ್ಕಿಂತ ಕೆಳಗಿಳಿಯಿತು. ಬೆಲೆ ಏರುತ್ತಿದ್ದಾಗಲೇ ಆರ್ಚಿಬಾಲ್ಡ್ ಹಚಿಸನ್ ಎಂಬ ಪಾರ್ಲಿಮೆಂಟಿನ ಸದಸ್ಯನು ಲೆಕ್ಕಗಳನ್ನು ಅಚ್ಚುಮಾಡಿಸಿ ಎಚ್ಚರಿಕೆ ಕೊಟ್ಟನು. ಕಂಪೆನಿಗೆ ನಿಜವಾಗಿ ಬರುವ ಧನವನ್ನು ಒಟ್ಟು ಪಾಲುಗಳಿಂದ ಭಾಗಿಸಿದರೆ ದೊರೆಯುವ ಮೌಲ್ಯವು ಪೇಟೆಯ ಬೆಲೆಗಿಂತ ಎಷ್ಟೋ ಕಡಮೆಯೆಂದೂ, ಹೊಸಬರು ಹೆಚ್ಚಾಗಿ ತೆತ್ತ ಹಣವು ಹಳಬರ ಲಾಭವಾಗುವುದೆಂದೂ ಅವನು ತೋರಿಸಿದನು. ಲೆಕ್ಕವು ಸರಿಯಾಗಿತ್ತು, ಕೇಳುವವರು ವಿರಳರಾಗಿದ್ದರು.

ಅಮೆರಿಕದಲ್ಲಿ 1980ರ ದಶಕದಲ್ಲಿ ಅತ್ಯಲ್ಪ ಬೆಲೆಯ ಪಾಲುಗಳನ್ನು ಮಾರಿ, ಉದ್ದೇಶವನ್ನೇ ಹೇಳದೆ ಜನರನ್ನು ವಂಚಿಸಿದ ಕಂಪೆನಿಗಳು ಬಹಳವಾದವು. ಅವನ್ನು ಅಡಗಿಸಲು 1990ರಲ್ಲಿ ಶಾಸನವೂ, 1992ರಲ್ಲಿ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ನಿನ 419ನೆಯ ನಿಯಮವೂ ಬಂದವು. ಕೂಡಿದ ಹಣದ ಬಹುಭಾಗವನ್ನು ಪ್ರವರ್ತಕರು ಮುಟ್ಟದಂತೆ ಬೇರೆ ಖಾತೆಯಲ್ಲಿಡಬೇಕು. ಹದಿನೆಂಟು ತಿಂಗಳೊಳಗೆ ಉದ್ಯಮವನ್ನು ಕೊಳ್ಳದಿದ್ದರೆ ಅದನ್ನು ಹಿಂದಿರುಗಿಸಬೇಕು. ಈ ನಿಯಮದ ವ್ಯಾಪ್ತಿಗೆ ಹೊರಗಿದ್ದರೂ ಅದರ ರಕ್ಷಣೆಗಳನ್ನು ತಾವಾಗಿಯೇ ಅಂಗೀಕರಿಸುವ ಹೊಸ ಮಾದರಿಯೊಂದನ್ನು 1993ರಲ್ಲಿ ಡೇವಿಡ್ ನಸ್‌ಬಾಮ್ ಎಂಬ ಹಣಕಾಸಿನ ವ್ಯವಹಾರಸ್ಥರು ರೂಪಿಸಿದರು. ಸ್ಪ್ಯಾಕ್ ಎಂದು ಪ್ರಸಿದ್ಧವಾದುದು ಇದೇ.

ಇದರ ಕಟ್ಟು ಮೇಲ್ನೋಟಕ್ಕೆ ಅತ್ಯಂತ ಭದ್ರವಾದುದು. ಸಾಮಾನ್ಯವಾಗಿ ಪಾಲೊಂದಕ್ಕೆ 10 ಡಾಲರು. ಜೊತೆಗೆ, ಮುಂದೆ ನಿಶ್ಚಿತ ಬೆಲೆಗೆ ಪಾಲನ್ನು ಕೊಳ್ಳುವ ವಾರಂಟೆಂಬ ಹಕ್ಕುಪತ್ರ. ಕೂಡಿದ ಹಣವು ನ್ಯಾಸನಿಧಿಯಲ್ಲಿ ಸರ್ಕಾರದ ಪತ್ರಗಳ ರೂಪದಲ್ಲಿರುವುದು. ಅವಧಿ ಬಹುಮಟ್ಟಿಗೆ ಎರಡು ವರ್ಷ. ಕೊಳ್ಳುವ ಉದ್ಯಮವು ಒಪ್ಪಿಗೆಯಾಗದ ಪಾಲುದಾರನು ತನ್ನ ಹಣವನ್ನು ಬಡ್ಡಿಸಹಿತ ಹಿಂದಕ್ಕೆ ಪಡೆಯಬಹುದು; ಹಾಗೆ ಪಡೆದರೂ ವಾರಂಟು ಅವನಲ್ಲೇ ಉಳಿಯುವುದು. ಪ್ರವರ್ತಕರಾದರೋ ರೂಢಿಯಂತೆ ಕೇವಲ 25,000 ಡಾಲರು ತೆತ್ತು ಒಟ್ಟು ಪಾಲುಗಳಲ್ಲಿ ನೂರಕ್ಕೆ ಇಪ್ಪತ್ತನ್ನು ಪಡೆಯುವರು.

ಲೆಕ್ಕದ ಮರ್ಮವಿರುವುದು ಇಲ್ಲಿಯೇ. ಒಂದು ಕಂಪೆನಿಯು ಒಂದು ಕೋಟಿ ಪಾಲುಗಳನ್ನು ಮಾರಿ ಹತ್ತು ಕೋಟಿ ಡಾಲರು ಕೂಡಿಸಿತೆಂದು ಭಾವಿಸೋಣ. ಪ್ರವರ್ತಕರ ಪಾಲುಗಳು 25 ಲಕ್ಷ. ಪಾಲುಗಳನ್ನು ಮಾರಿಕೊಟ್ಟ ಮಧ್ಯಸ್ಥರಿಗೆ ಉದ್ಯಮವನ್ನು ಕೊಂಡಾಗ ಸಲ್ಲಬೇಕಾದುದು ನೂರಕ್ಕೆ ಮೂರೂವರೆಯಂತೆ 35 ಲಕ್ಷ ಡಾಲರು. ಯಾರೊಬ್ಬರೂ ಹಣವನ್ನು ಹಿಂತೆಗೆಯದಿದ್ದರೆ ಒಂದೊಂದು ಪಾಲಿನ ಹಿಂದೆ 7 ಡಾಲರು 72 ಸೆಂಟು ಇರುವುದು. ಮುಕ್ಕಾಲು ಭಾಗದವರು ಹಿಂತೆಗೆದರೆ ಉಳಿಯುವುದು ಎರಡೂವರೆ ಕೋಟಿ. ಮಧ್ಯಸ್ಥರ ಶುಲ್ಕವು ಸಾಮಾನ್ಯವಾಗಿ ಕುಗ್ಗದು. ಪ್ರವರ್ತಕರ ಪಾಲೂ ತಾನಾಗಿ ಕರಗದು. ಆಗ ಪಾಲೊಂದರ ಹಿಂದೆ ಉಳಿಯುವುದು 4 ಡಾಲರು 30 ಸೆಂಟು ಮಾತ್ರ. ಬಿಟ್ಟುಹೋದವನು ಹತ್ತನ್ನು ಪೂರ್ಣವಾಗಿ ಪಡೆದನು. ನಂಬಿ ನಿಂತವನು ಎಲ್ಲರ ವೆಚ್ಚವನ್ನೂ ಹೊತ್ತನು. ವಾರಂಟುಗಳ ಭಾರವು ಇದರ ಮೇಲೆ ಬೇರೆ.

ಇದು ಕಲ್ಪಿತ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. 2019ರ ಜನವರಿಯಿಂದ 2020ರ ಜೂನ್‌ವರೆಗೆ ಉದ್ಯಮಗಳೊಡನೆ ವಿಲೀನವಾದ 47 ಸ್ಪ್ಯಾಕುಗಳನ್ನು ಮೈಕೆಲ್ ಕ್ಲಾಸ್ನರ್, ಮೈಕೆಲ್ ಓಲ್ರಾಗ್ ಮೊದಲಾದ ಪಂಡಿತರು ಪರೀಕ್ಷಿಸಿದಾಗ, ಪಾಲೊಂದರ ಹಿಂದೆ ಉಳಿದಿದ್ದ ನಿವ್ವಳ ನಗದು ಸರಾಸರಿ 4 ಡಾಲರು 10 ಸೆಂಟು ಮಾತ್ರವೆಂದು ಕಂಡಿತು. ಆದರೂ ಹಣದ ಪ್ರವಾಹವು ನಿಲ್ಲಲಿಲ್ಲ. 2020ರಲ್ಲಿ 248 ಸ್ಪ್ಯಾಕುಗಳು ಸುಮಾರು 8,300 ಕೋಟಿ ಡಾಲರನ್ನೂ, 2021ರಲ್ಲಿ 613 ಸ್ಪ್ಯಾಕುಗಳು ಸುಮಾರು 16,200 ಕೋಟಿ ಡಾಲರನ್ನೂ ಕೂಡಿಸಿದವು. ವಾರಂಟುಗಳಲ್ಲಿ ಕೆಲವನ್ನು ಮೂಲಧನವೆಂದಲ್ಲ, ಋಣವೆಂದು ಬರೆಯತಕ್ಕದ್ದೆಂದು 2021ರ ಏಪ್ರಿಲಿನಲ್ಲಿ ಕಮಿಷನ್ನಿನ ಅಧಿಕಾರಿಗಳು ಹೇಳಿದೊಡನೆ ಅನೇಕ ಕಂಪೆನಿಗಳು ತಮ್ಮ ಲೆಕ್ಕಪತ್ರಗಳನ್ನು ತಿದ್ದಬೇಕಾಯಿತು.

ಪರಿಣಾಮಗಳು ಎರಡು ಬಗೆಯಾಗಿ ಕಂಡವು. 2021ರ ಅಕ್ಟೋಬರಿನಲ್ಲಿ ಸ್ಪ್ಯಾಕಿನ ಮೂಲಕ ಪೇಟೆಗೆ ಬಂದ ವೀವರ್ಕ್ ಸಂಸ್ಥೆಯು 2023ರ ನವೆಂಬರಿನಲ್ಲಿ ದಿವಾಳಿಯ ರಕ್ಷಣೆಯನ್ನು ಬೇಡಿತು. ಬಿಲ್ ಆಕ್ಮನ್ ಅವರು 2020ರ ಜುಲೈಯಲ್ಲಿ ನಾನೂರು ಕೋಟಿ ಡಾಲರು ಕೂಡಿಸಿ ಸ್ಥಾಪಿಸಿದ ಮಂಡಲಿಯು ತಕ್ಕ ಉದ್ಯಮವು ದೊರೆಯಲಿಲ್ಲವೆಂದು 2022ರಲ್ಲಿ ಹಣವನ್ನು ಹಿಂದಿರುಗಿಸಿತು. ಲೋಕವು ಇದನ್ನು ಸೋಲೆಂದಿತು. ಆದರೆ ಪಾಲಿಗೆ ಇಪ್ಪತ್ತು ಡಾಲರು ತೆತ್ತು ಕಡೆಯವರೆಗೂ ಇದ್ದವನ ಮೂಲಧನಕ್ಕೆ ಲೋಪವಾಗಲಿಲ್ಲ.

ಆದಕಾರಣ ಇಂಥ ಕಂಪೆನಿಯ ಆರೋಗ್ಯವನ್ನು ಪರೀಕ್ಷಿಸುವವರು ನ್ಯಾಸನಿಧಿಯ ಗಾತ್ರಕ್ಕೆ ಮರುಳಾಗಬಾರದು. ನಿಧಿಯ ಹೊರಗೆ ನಿತ್ಯದ ಖರ್ಚಿಗೆ ಹಣವಿದೆಯೋ, ಪ್ರವರ್ತಕರ ಸಾಲದಿಂದಲೇ ದಿನ ದೂಡುತ್ತಿದೆಯೋ. ಗಡುವಿಗೆ ಎಷ್ಟು ತಿಂಗಳುಳಿದಿವೆ. ಲೆಕ್ಕಪರಿಶೋಧಕರು ಸಂಸ್ಥೆಯ ಮುಂದುವರಿಕೆಯ ಬಗ್ಗೆ ಸಂದೇಹ ಸೂಚಿಸಿರುವರೋ. ಎಷ್ಟು ಜನ ಹಿಂತೆಗೆದರು. ಎಲ್ಲ ಹಕ್ಕುಗಳನ್ನೂ ಸಲ್ಲಿಸಿದ ಮೇಲೆ ನಿಂತವನ ಪಾಲಿನ ಹಿಂದೆ ಎಷ್ಟುಳಿಯುವುದು - ಇವೇ ಕೇಳತಕ್ಕ ಪ್ರಶ್ನೆಗಳು. ಪ್ರವರ್ತಕರ ಪ್ರತಿಫಲವನ್ನೂ ಪಾಲಿನ ಮೌಲ್ಯವು ತೆಳುವಾಗುವ ಪ್ರಮಾಣವನ್ನೂ ಸ್ಪಷ್ಟವಾಗಿ ಪ್ರಕಟಿಸಬೇಕೆಂದು ಕಮಿಷನ್ನು 2024ರ ಜನವರಿಯಲ್ಲಿ ನಿಯಮ ಮಾಡಿತು. ಹಚಿಸನ್ ತಾನೇ ಕುಳಿತು ಹಾಕಿದ ಭಾಗಾಕಾರವನ್ನು ಹೀಗೆ ಮುನ್ನೂರು ವರ್ಷಗಳ ತರುವಾಯ ಕಾನೂನೇ ಬರೆದು ತೋರಿಸತೊಡಗಿತು. ಓದಿ ನೋಡುವ ಹೊಣೆಯು ಮಾತ್ರ ಅಂದಿನಂತೆಯೇ ಹಣ ಹಾಕುವವನದು. ಪೆಟ್ಟಿಗೆಗೆ ಬೀಗವಿದ್ದರೆ ಸಾಲದು. ಬೀಗವು ತೆರೆದ ದಿನ ಯಾರ ಕೈ ಮೊದಲು ಒಳಗೆ ಹೋಗುವುದೆಂಬುದನ್ನು ತಿಳಿದಿರಬೇಕು.