ಹಾಡು ಬೇಕು, ಹಾಡು ಕೊಟ್ಟೋರು ಬೇಡ

ರಾಕ್ ಸಂಗೀತ ಅಂದ್ರೆ ಬಿಳಿ ಹುಡುಗರು, ಗಿಟಾರು, ಕೂಗಾಟ. ಅದಕ್ಕೂ ನಮ್ಮ ಕೇರಿಗೂ ಏನ್ ಸಂಬಂಧ ಅಂತ ಸಂಘಟನೆಯ ಹುಡುಗರು ಕೇಳ್ತಾರೆ. ಸಂಬಂಧ ಇದೆ. ಒಂದೇ ಒಂದು ಹಳೇ ರೆಕಾರ್ಡ್ ಇಟ್ಕೊಂಡು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

1956ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋರಲ್ ಕಂಪನಿ ಒಂದು ಎಲ್‌ಪಿ ರೆಕಾರ್ಡ್ ಹೊರತಂದಿತು. 'ಜಾನಿ ಬರ್ನೆಟ್ ಅಂಡ್ ದ ರಾಕ್ ಅಂಡ್ ರೋಲ್ ಟ್ರಯೋ' ಅನ್ನೋ ಬ್ಯಾಂಡಿನ ಮೊದಲ ಆಲ್ಬಮ್ ಅದು. ಮೂರು ಜನ: ಹಾಡೋಕೆ ಜಾನಿ, ಬಾಸ್‌ಗೆ ಅವನ ಅಣ್ಣ ಡಾರ್ಸಿ, ಗಿಟಾರಿಗೆ ಗೆಳೆಯ ಪಾಲ್ ಬರ್ಲಿಸನ್. ಮೆಂಫಿಸ್ ನಗರದ ದುಡಿಯೋ ಮನೆಗಳ ಬಿಳಿಯರು. ಡಾರ್ಸಿ ಮತ್ತು ಪಾಲ್ ಕ್ರೌನ್ ಎಲೆಕ್ಟ್ರಿಕ್ ಅನ್ನೋ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್‌ಗಳು. ಎಲ್ವಿಸ್ ಪ್ರೀಸ್ಲಿ ಹೆಸರು ಮಾಡೋ ಮುಂಚೆ ಅದೇ ಕಂಪನಿಯ ಟ್ರಕ್ ಓಡಿಸ್ತಿದ್ದ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದೋರಿಗೆ ಇಂಥ ಹುಡುಗರು ಹೊಸಬರಲ್ಲ. ಹಗಲು ಕೆಲಸ, ಸಂಜೆ ಆರ್ಕೆಸ್ಟ್ರಾ.

ಇವರು ನುಡಿಸಿದ್ದಕ್ಕೆ 'ರಾಕಬಿಲಿ' ಅಂತಾರೆ. ರಾಕ್ ಅಂಡ್ ರೋಲ್ ಮತ್ತು ಹಿಲ್‌ಬಿಲಿ ಎರಡೂ ಸೇರಿ ಆದ ಪದ. ಹಿಲ್‌ಬಿಲಿ ಅನ್ನೋದು ಬೆಟ್ಟಗಾಡಿನ ಬಡ ಬಿಳಿಯರನ್ನ ಗಮಾರರು ಅಂತ ಹೀಯಾಳಿಸೋ ಮಾತು. ಅಂದ್ರೆ ಆ ಹೆಸರಿನ ಅರ್ಧದಲ್ಲಿ ಬಡ ಬಿಳಿಯರಿಗೆ ಆದ ಅವಮಾನ ಇದೆ. ಉಳಿದ ಅರ್ಧ ಕಪ್ಪು ಜನರದ್ದು.

ಆಲ್ಬಮ್‌ನಲ್ಲಿ ಇರೋದು 12 ಹಾಡು. ಅದರಲ್ಲಿ 5 ಹಾಡನ್ನ ಮೊದಲು ರೆಕಾರ್ಡ್ ಮಾಡಿದೋರು ಕಪ್ಪು ಗಾಯಕರು. 'ಹನಿ ಹಶ್' ಮತ್ತು 'ಚೈನ್ಸ್ ಆಫ್ ಲವ್' ಬಿಗ್ ಜೋ ಟರ್ನರ್ ಹಾಡಿದ್ದು. 'ಆಲ್ ಬೈ ಮೈಸೆಲ್ಫ್' ನ್ಯೂ ಆರ್ಲಿಯನ್ಸ್‌ನ ಫ್ಯಾಟ್ಸ್ ಡಾಮಿನೋದು. 'ಡ್ರಿಂಕಿಂಗ್ ವೈನ್ ಸ್ಪೋಡಿಯೋಡಿ' 1949ರಲ್ಲಿ ಸ್ಟಿಕ್ ಮೆಗೀ ಹಾಡಿದ್ದು. 'ದ ಟ್ರೇನ್ ಕೆಪ್ಟ್ ಎ-ರೋಲಿನ್' 1951ರಲ್ಲಿ ಟೈನಿ ಬ್ರಾಡ್‌ಶಾ ಹಾಡಿದ್ದು.

ಈ ಕೊನೆಯ ಹಾಡಿನ ಪ್ರಯಾಣ ನೋಡಿ. ಬ್ರಾಡ್‌ಶಾ ಇಂದ ಬರ್ನೆಟ್ ತಗೊಂಡ. 1965ರಲ್ಲಿ ಇಂಗ್ಲೆಂಡಿನ ಯಾರ್ಡ್‌ಬರ್ಡ್ಸ್ ತಗೊಂಡರು. 1974ರಲ್ಲಿ ಏರೋಸ್ಮಿತ್ ತಗೊಂಡರು. ಬರ್ನೆಟ್ ರೆಕಾರ್ಡಿನಲ್ಲಿ ಗಿಟಾರು ಒಂಥರಾ ಹರಿದ ಸದ್ದು ಮಾಡುತ್ತೆ. ಆ ಕಾಲಕ್ಕೆ ಅದು ಹೊಸದು. ಆಂಪ್ಲಿಫೈಯರಿನ ಒಂದು ವಾಲ್ವ್ ಸಡಿಲ ಆಗಿ ಆ ಸದ್ದು ಬಂತು ಅಂತ ಬರ್ಲಿಸನ್ ಹೇಳ್ತಿದ್ದ. ಅದನ್ನ ಬಾರಿಸಿದ್ದು ಅವನಲ್ಲ, ಸ್ಟುಡಿಯೋದ ಗ್ರೇಡಿ ಮಾರ್ಟಿನ್ ಅಂತ ವಾದ ಮಾಡೋರೂ ಇದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ. ಇಬ್ಬರು ಬಿಳಿಯರಲ್ಲಿ ಯಾರು ತಂತಿ ಮೀಟಿದ್ದು ಅನ್ನೋದಕ್ಕೆ ಇಷ್ಟು ಚರ್ಚೆ. ಟೈನಿ ಬ್ರಾಡ್‌ಶಾ ಯಾರು ಅಂತ ಕೇಳೋರು ಎಷ್ಟು ಜನ?

ಆ ಡಿಸೆಂಬರ್ ತಿಂಗಳನ್ನ ನಾವು ಬೇರೆ ಕಾರಣಕ್ಕೆ ಮರೆಯೋ ಹಾಗಿಲ್ಲ. ಡಿಸೆಂಬರ್ 6ಕ್ಕೆ ಬಾಬಾಸಾಹೇಬರ ಪರಿನಿಬ್ಬಾಣ. ಅದೇ ತಿಂಗಳು 20ಕ್ಕೆ ಅಮೆರಿಕದ ಮಾಂಟ್‌ಗಮರಿಯಲ್ಲಿ ಕಪ್ಪು ಜನ 381 ದಿನ ನಡೆಸಿದ ಬಸ್ ಬಹಿಷ್ಕಾರ ಗೆಲುವಿನಲ್ಲಿ ಮುಗಿಯಿತು. ಬಸ್ಸಿನಲ್ಲಿ ಬಿಳಿಯರ ಪಕ್ಕ ಕೂರೋಕೆ ಒಂದು ವರ್ಷದ ಮೇಲೆ ನಡೆದೇ ಓಡಾಡಬೇಕಾದ ಜನರ ಹಾಡುಗಳು ಬಿಳಿಯರ ಮನೆಯ ಗ್ರಾಮಫೋನಿನಲ್ಲಿ ಆರಾಮಾಗಿ ಕೂತಿದ್ದವು.

ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡ್ತಿದ್ರಲ್ಲ, ಅಲ್ಲಿ ರೆಕಾರ್ಡಿಗೂ ಹಾಗೇ ಇತ್ತು. ಕಪ್ಪು ಜನರ ಹಾಡಿಗೆ 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಟ್ಟಿ. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಅದನ್ನ 'ರಿದಮ್ ಅಂಡ್ ಬ್ಲೂಸ್' ಅಂತ ಬದಲಾಯಿಸಿತು. ಲೋಟದ ಹೆಸರು ಬದಲಾಯ್ತು, ಲೋಟ ಬೇರೆಯೇ ಉಳೀತು. ಎಲ್ವಿಸ್‌ಗೆ 1954ರಲ್ಲಿ ದಾರಿ ತೆರೆದ ಮೊದಲ ಹಾಡು ಆರ್ಥರ್ ಕ್ರುಡಪ್ ಅನ್ನೋ ಕಪ್ಪು ಗಾಯಕನದ್ದು. ಕ್ರುಡಪ್ ತನ್ನ ರಾಯಲ್ಟಿಗಾಗಿ ವರ್ಷಗಟ್ಟಲೆ ಹೋರಾಡಿ, ಬರಬೇಕಾದ್ದು ಕೈಗೆ ಬರದೆ 1974ರಲ್ಲಿ ತೀರಿಕೊಂಡ.

ಹಾಗಾದ್ರೆ ಆ ಮೂವರು ಕಳ್ಳರಾ? ನಾನು ಹಾಗೆ ಹೇಳಲ್ಲ. ಅವರೂ ದುಡಿಯೋ ಹುಡುಗರೇ. ಆ ಆಲ್ಬಮ್‌ನಿಂದ ಅವರಿಗೂ ದುಡ್ಡಾಗಲಿಲ್ಲ, ಮರುವರ್ಷವೇ ಬ್ಯಾಂಡ್ ಮುರಿದುಬಿತ್ತು. ಒಳ್ಳೇ ಹಾಡು ಗಡಿ ದಾಟೇ ದಾಟುತ್ತೆ, ದಾಟಬೇಕು ಕೂಡ. ನನ್ನ ತಕರಾರು ಅದಲ್ಲ. ಹಾಡು ಗಡಿ ದಾಟುವಾಗ ಹಾಡಿದೋರನ್ನ ಗಡಿಯಲ್ಲೇ ನಿಲ್ಲಿಸ್ತಾರಲ್ಲ, ಅದು ತಕರಾರು.

ಇದೇ ಮೆಂಫಿಸ್‌ನಲ್ಲಿ 1968ರ ಫೆಬ್ರವರಿಯಲ್ಲಿ ಇಬ್ಬರು ಕಪ್ಪು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರು ಹಿಡಿದ ಫಲಕದಲ್ಲಿ ಇದ್ದದ್ದು ಇಷ್ಟೇ: 'ನಾನು ಮನುಷ್ಯ'. ಅವರ ಜೊತೆ ನಿಲ್ಲೋಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಏಪ್ರಿಲ್ 4ಕ್ಕೆ ಅಲ್ಲೇ ಗುಂಡಿಟ್ಟು ಕೊಂದರು. ಹಾಡಿಗೆ ಕುಣಿದ ಊರು, ಹಾಡಿನ ಜನ ಮನುಷ್ಯರು ಅಂತ ಒಪ್ಪೋಕೆ ತಯಾರಿರಲಿಲ್ಲ.

ಈ ಎರಡು ನೋವುಗಳ ನಂಟನ್ನ ಮೊದಲೇ ಕಂಡವರು ಬಾಬಾಸಾಹೇಬರು. 1946ರಲ್ಲೇ ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1966ರಲ್ಲಿ ಅಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿತು, 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್. 1974ರಲ್ಲಿ, ಕ್ರುಡಪ್ ತೀರಿಕೊಂಡ ಅದೇ ವರ್ಷ, ನಮ್ಮ ಭದ್ರಾವತಿಯಲ್ಲಿ ದಲಿತ ಸಂಘರ್ಷ ಸಮಿತಿ. ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಅದನ್ನ ಕಟ್ಟಿ ಬೆಳೆಸಿದರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ನಮ್ಮ ಮೊದಲ ಆಲ್ಬಮ್ ಅದೇ ಅಂತೀನಿ ನಾನು. ರೆಕಾರ್ಡ್ ಕಂಪನಿ ಇಲ್ಲ, ಸ್ಟುಡಿಯೋ ಇಲ್ಲ. ಜಾಥಾಗಳಲ್ಲಿ ಗಂಟಲಿಂದ ಗಂಟಲಿಗೆ ಹೋಯ್ತು, ತಮಟೆ ಜೊತೆಗೆ ಹೋಯ್ತು.

ಆ ತಮಟೆ ಬಗ್ಗೆ ಯೋಚನೆ ಮಾಡಿ. ತಮಟೆ ಅನ್ನಿ, ಹಲಗೆ ಅನ್ನಿ. ಸತ್ತ ದನದ ಚರ್ಮ ಹದ ಮಾಡಿದ್ದು ನಮ್ಮೋರು, ಬಳೆಗೆ ಬಿಗಿದದ್ದು ನಮ್ಮೋರು, ಬೆಂಕಿಗೆ ಕಾಯಿಸಿ ನಾದ ಏರಿಸಿದ್ದು ನಮ್ಮೋರು. ಹಬ್ಬಕ್ಕೆ, ಸಾವಿಗೆ, ಡಂಗುರಕ್ಕೆ ಅದು ಬೇಕು. ದೇವರ ಮುಂದೆ ಬಾರಿಸಬಹುದು, ಗುಡಿ ಒಳಗೆ ಕಾಲಿಡೋ ಹಾಗಿಲ್ಲ. ಬಿಟ್ಟಿ ಚಾಕರಿಗೆ ತಮಟೆ ಬಾರಿಸಲ್ಲ ಅಂದಿದ್ದೂ ಹೋರಾಟವೇ, ಅದೇ ತಮಟೆನ ನಮ್ಮ ಮೆರವಣಿಗೆಯಲ್ಲಿ ಎದೆಯೆತ್ತಿ ಬಾರಿಸಿದ್ದೂ ಹೋರಾಟವೇ. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಖುಷಿ ಆಯ್ತು. ಒಬ್ಬರ ಹೆಸರು ದೇಶಕ್ಕೆ ಗೊತ್ತಾಯ್ತು. ಉಳಿದ ಸಾವಿರಾರು ಜನರದ್ದು?

ಕೆಲವು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಒಂದು ಉತ್ಸವದ ಆಹ್ವಾನ ಪತ್ರಿಕೆ ನನ್ನ ಕೈಗೆ ಬಂತು. ಉದ್ಘಾಟಕರು, ಅಧ್ಯಕ್ಷರು, ಗಾಯಕರು, ಕೀಬೋರ್ಡ್ ನುಡಿಸೋರು, ಶಾಮಿಯಾನ ಹಾಕಿದೋರು, ಎಲ್ಲರ ಹೆಸರೂ ಇತ್ತು. ಕೊನೆಗೆ 'ತಮಟೆ ತಂಡದವರಿಂದ' ಅಂತ ಒಂದು ಸಾಲು. ಆ ತಂಡದಲ್ಲಿ ಎಂಟು ಜನ ಇದ್ರು. ಎಂಟು ಜನಕ್ಕೂ ಅಪ್ಪ ಅಮ್ಮ ಇಟ್ಟ ಹೆಸರಿತ್ತು.

ನಾನು ಗುಮಾಸ್ತ. ಕಡತದಲ್ಲಿ ಹೆಸರಿಲ್ಲದ ಮನುಷ್ಯನಿಗೆ ಸಂಬಳ ಇಲ್ಲ, ಪಿಂಚಣಿ ಇಲ್ಲ, ಅವನು ಇದ್ದ ಅನ್ನೋದಕ್ಕೆ ಸಾಕ್ಷಿನೇ ಇಲ್ಲ. ಚರಿತ್ರೆಯೂ ಹಾಗೇ. ಅದಕ್ಕೇ ಸಂಘಟನೆಯ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದೇ ಕೋರಿಕೆ. ಬರೋ ಏಪ್ರಿಲ್ 14ರ ಕಾರ್ಯಕ್ರಮಕ್ಕೆ ತಮಟೆ ಕರೆಸೋ ಮುಂಚೆ, ಬಾರಿಸೋ ಪ್ರತಿಯೊಬ್ಬರ ಪೂರ್ತಿ ಹೆಸರು, ಊರು ಬರೆದುಕೊಳ್ಳಿ. ಬ್ಯಾನರಿನಲ್ಲಿ ಹಾಕಿಸಿ. ವೇದಿಕೆ ಮೇಲಿಂದ ಓದಿ ಹೇಳಿ. ದುಡ್ಡನ್ನ ಅದೇ ಸಂಜೆ ಕೈಗೆ ಕೊಡಿ. ಹಿರಿಯರ ಹತ್ತಿರ ಮೊಬೈಲ್ ಇಟ್ಟು ಅವರ ಬಡಿತ, ಅವರ ಹಾಡು, ಕಲಿಸಿದೋರ ಹೆಸರು ಎಲ್ಲಾ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ನಿಮ್ಮೂರಿನ ತಮಟೆ ಕಲಾವಿದರ ಹೆಸರನ್ನ, ಅವರನ್ನ ಕೇಳಿ ಒಪ್ಪಿಗೆ ತಗೊಂಡು, ಕೆಳಗೆ ಕಮೆಂಟಿನಲ್ಲಿ ಬರೀರಿ. ಪಟ್ಟಿ ಇಲ್ಲಿಂದಲೇ ಶುರುವಾಗಲಿ.

ಜೈ ಭೀಮ್.