ಶಿವಪುರದ ಕಡತವನ್ನು ಮತ್ತೆ ಓದುವವರು ಯಾರು?

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಧ್ವಜ ಹಾರಿಸಬಾರದೆಂಬ ಸರ್ಕಾರದ ಆಜ್ಞೆಯನ್ನು ಮೀರಿ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಧ್ವಜವೇರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಸರ್ದಾರ್ ಪಟೇಲರು ಮಾತುಕತೆ ನಡೆಸಿದ ಮೇಲೆ, ಮೈಸೂರು ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆ ದೊರೆಯಿತು. ಏಪ್ರಿಲ್‌ನಲ್ಲಿ ಅಪರಾಧವಾಗಿದ್ದದ್ದು ಮೇನಲ್ಲಿ ಅಪರಾಧವಾಗಿ ಉಳಿಯಲಿಲ್ಲ. ಇಂದು ಆ ಜಾಗದಲ್ಲಿ ಸತ್ಯಾಗ್ರಹ ಸೌಧವಿದೆ.

ಪೊಲೀಸರ ಕಡತವೆಂದರೆ ಆರೋಪಿಯ ಚರಿತ್ರೆ ಮಾತ್ರವಲ್ಲ, ಅದನ್ನು ಬರೆದವರ ಚರಿತ್ರೆಯೂ ಹೌದು ಎಂದು ನಾವು ಹೇಳುವುದು ಇದಕ್ಕಾಗಿಯೇ. ಹಾಗಾಗಿ ಅದನ್ನು ಒಮ್ಮೆ ಓದಿ ಮುಗಿಸಲಾಗದು.

ಹಳೆಯ ಕಡತದ ಬೆಲೆ ಅರಿಯಲು ಬಾಸ್ಟನ್ನಿನ ಒಂದು ಉದಾಹರಣೆ ಸಾಕು. ಗ್ಲೂಕ್ ದಂಪತಿಗಳು ಅಲ್ಲಿ ಅಪರಾಧವೆಸಗಿದ 500 ಹುಡುಗರ ಮತ್ತು ಎಸಗದ 500 ಹುಡುಗರ ವಿವರ ಕಲೆಹಾಕಿ 1950ರಲ್ಲಿ ಪುಸ್ತಕ ಪ್ರಕಟಿಸಿದರು. ಆ ಕಾಗದಗಳು ಹಾರ್ವರ್ಡ್ ಕಾನೂನು ಶಾಲೆಯ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅವನ್ನು ಮತ್ತೆ ಬಿಚ್ಚಿದರು. ಸರ್ಕಾರದ ಅನುದಾನವೂ ಒದಗಿತು. ಕೆಟ್ಟ ಬಾಲ್ಯ ಕಂಡವನು ಕೊನೆಯವರೆಗೂ ಕೆಟ್ಟವನಾಗಿಯೇ ಉಳಿಯಬೇಕಿಲ್ಲ, ನೆಲೆಯಾದ ಕೆಲಸ ಮತ್ತು ಒಳ್ಳೆಯ ದಾಂಪತ್ಯ ಅವನನ್ನು ತಿರುಗಿಸಬಲ್ಲವು ಎಂದು ಆ ಹಳೆಯ ಕಾಗದಗಳೇ ಹೇಳಿದವು. ಅಮೆರಿಕದಲ್ಲಿ ಇಂಥ ಅಂಕಿಅಂಶಗಳಿಗೆಂದೇ 1978ರಿಂದ ಒಂದು ರಾಷ್ಟ್ರೀಯ ಭಂಡಾರವಿದೆ. ಅವನ್ನು ಮರುಓದುವ ಸಂಶೋಧಕರಿಗೆ ಸರ್ಕಾರ ಹಣ ಕೊಟ್ಟಿದೆ.

ನಮ್ಮಲ್ಲೂ ಉದಾಹರಣೆ ಇಲ್ಲದಿಲ್ಲ. 2010ರಿಂದ 2018ರವರೆಗಿನ ಸುಮಾರು 50 ಲಕ್ಷ ಕ್ರಿಮಿನಲ್ ಪ್ರಕರಣಗಳ ಆನ್‌ಲೈನ್ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರ ಒಂದು ತಂಡ ಜಾಲಾಡಿತು. ನ್ಯಾಯಾಧೀಶರು ತಮ್ಮ ಧರ್ಮದ ಆರೋಪಿಗೆ ಖುಲಾಸೆಯಲ್ಲಿ ಒಲವು ತೋರುತ್ತಾರೆಯೇ ಎಂಬುದು ಪ್ರಶ್ನೆ. ಅಂಥ ಒಲವು ಕಾಣಲಿಲ್ಲ ಎಂಬುದು ಉತ್ತರ. ಮುಸ್ಲಿಮರಾದ ನಮಗೆ ಇದು ನೆಮ್ಮದಿಯ ಮಾತು. ಆದರೆ ಯಾರನ್ನು ಬಂಧಿಸಲಾಯಿತು, ಯಾರನ್ನು ಬಿಡಲಾಯಿತು ಎಂಬುದು ನ್ಯಾಯಾಲಯಕ್ಕೂ ಹಿಂದಿನ ಕಥೆ. ವಿಚಾರಣಾಧೀನ ಕೈದಿಗಳಲ್ಲಿ ನಮ್ಮ ಪಾಲು ಜನಸಂಖ್ಯೆಯ ಪಾಲಿಗಿಂತ ಹೆಚ್ಚೆಂದು ಸರ್ಕಾರದ ಕಾರಾಗೃಹ ಅಂಕಿಅಂಶಗಳೇ ತೋರಿಸುತ್ತವೆ. ಊಹೆಯಿಂದ ದೂರುವುದಕ್ಕೂ ಊಹೆಯಿಂದ ಸಮಾಧಾನಪಡುವುದಕ್ಕೂ ದಾಖಲೆಯೇ ಮದ್ದು.

ಈಗ ನಮ್ಮ ಊರುಗಳಿಗೆ ಬರೋಣ. ಮಂಡ್ಯ, ಮದ್ದೂರು, ಮಳವಳ್ಳಿಯ ನ್ಯಾಯಾಲಯಗಳ ಕಡತಗಳಲ್ಲಿ ನಾಲೆ ನೀರಿನ ಜಗಳವಿದೆ, ಗದ್ದೆಯ ಬದುವಿನ ಹೊಡೆದಾಟವಿದೆ. 1991, 2002, 2016ರ ಕಾವೇರಿ ಗಲಾಟೆಗಳಲ್ಲಿ ಯಾರ ಮೇಲೆ ಕೇಸು ಬಿತ್ತು, ಎಷ್ಟು ವರ್ಷ ಅಲೆದಾಡಿದರು ಎಂದು ತಿಳಿಯಲು ಹೊಸ ಸಮೀಕ್ಷೆ ಬೇಕಿಲ್ಲ. ಇನ್ನು ಶಿವಪುರವನ್ನು ಹುಡುಕುವವರು ಮೈಸೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ.

ಅವಧಿ ಮುಗಿದ ಕಡತಗಳನ್ನು ನಾಶಮಾಡಲು ನಿಯಮವಿದೆ. ಓದಲು ಮಾತ್ರ ದುಡ್ಡಿಲ್ಲ. ಒಬ್ಬ ಬಡ ವಿದ್ಯಾರ್ಥಿಗೆ ಬಸ್ಸಿನ ಖರ್ಚು, ಎರಡು ವರ್ಷದ ಸಂಬಳ, ಹೆಸರುಗಳನ್ನು ಮರೆಮಾಚುವ ಶಿಸ್ತು, ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ವಿಶ್ವವಿದ್ಯಾಲಯಗಳು ಕೊಡಲಿ, ಜಯಂತಿ, ಸಮಾರಂಭಗಳಿಗೆ ಹಣ ಹೊಂದಿಸುವ ನಾವೂ ಕೊಡೋಣ.